ನೆಂಟರೊಡನೆ ಸೊಲ್ಲಾಪುರದಲ್ಲಿ ಒಂದು ದಿನ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆಯನ್ನು ನಾವೆಲ್ಲರೂ ನಿಬಂಧಗಳಲ್ಲಿ ಬರೆದಿದ್ದೇವೆ. ಆದರೆ ದೇಶ ಸುತ್ತುವುದೆಂದರೆ ಮೈಸೂರು, ಹಂಪೆ, ಅಜಂತಾಗಳಿಗೆ ಹೋಗುವುದೆಂದೇ ನಾವು ತಿಳಿದಿದ್ದೆವು. ನಮ್ಮ ಅಕ್ಕಲಕೋಟ ತಾಲೂಕಿನಿಂದ ಒಂದು ಗಂಟೆಯ ದಾರಿಯಲ್ಲಿರುವ ಸೊಲ್ಲಾಪುರ ನಮ್ಮ ಲೆಕ್ಕದಲ್ಲಿ ಇರಲೇ ಇಲ್ಲ. ದವಾಖಾನೆಗೆ, ಬಟ್ಟೆ ಖರೀದಿಗೆ, ಕಚೇರಿಯ ಕಾಗದಪತ್ರಗಳಿಗೆ ಅಲ್ಲಿಗೆ ಹೋಗುವುದು. ಕೆಲಸ ಮುಗಿದೊಡನೆ ಎಸ್.ಟಿ. ಬಸ್ಸು ಹಿಡಿದು ಮರಳುವುದು. ಇಷ್ಟೇ ನಮಗೂ ಆ ಊರಿಗೂ ಇದ್ದ ಸಂಬಂಧ.

ಕಳೆದ ಡಿಸೆಂಬರಿನ ರಜೆಯಲ್ಲಿ ನಮ್ಮ ಕಾಕಾ, ಕಾಕು ಮತ್ತು ಅವರ ಇಬ್ಬರು ಮಕ್ಕಳು ಬೆಂಗಳೂರಿನಿಂದ ಬಂದರು. ಹನ್ನೊಂದು ವರ್ಷದ ತಂಗಿ ಬಂದ ದಿನವೇ, “ಅಕ್ಕಾ, ಸೊಲ್ಲಾಪುರದಲ್ಲಿ ನೋಡೋಕೆ ಏನಿದೆ?” ಎಂದು ಕೇಳಿದಳು. ಅಕ್ಕ ತಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅದೇ ರಾತ್ರಿ ಊಟದ ಹೊತ್ತಿನಲ್ಲಿ ಕಾಕು ಅವ್ವನಿಗೆ, “ಮಹಾರಾಷ್ಟ್ರದಲ್ಲಿ ಇದ್ದುಕೊಂಡು ಮಕ್ಕಳನ್ನು ಕನ್ನಡ ಶಾಲೆಗೆ ಹಾಕಿದ್ದೀರಲ್ಲ, ಮುಂದೆ ಅವರಿಗೆ ಕಷ್ಟ ಆಗೋದಿಲ್ಲವೇ?” ಎಂದರು. ಅವರು ಅಕ್ಕರೆಯಿಂದಲೇ ಕೇಳಿದ್ದರು. ಆದರೂ ಅವ್ವ ಉತ್ತರ ಕೊಡದೆ ಸಾರು ಬಡಿಸಲು ಎದ್ದಳು. ಮೂಲೆಯಲ್ಲಿ ಕುಳಿತಿದ್ದ ಮುತ್ಯಾ ಮಾತ್ರ, “ನಾಳೆ ಎಲ್ಲಾರೂ ಸೊಲ್ಲಾಪುರಕ್ಕ ನಡೀರಿ, ನಾ ತೋರಸ್ತೀನಿ” ಎಂದರು. ಮುತ್ಯಾ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿನ ಒಂದು ಬಟ್ಟೆ ಗಿರಣಿಯಲ್ಲಿ ನೇಯ್ದವರು. ಗಿರಣಿ ಮುಚ್ಚಿದ ಮೇಲೆ ಊರಿಗೆ ಬಂದು ಹೊಲ ಹಿಡಿದವರು, ಮತ್ತೆ ಆ ಊರನ್ನು ತಿರುಗಿ ನೋಡಿರಲಿಲ್ಲ.

ಬೆಳಿಗ್ಗೆ ಮೊದಲು ಹೋದದ್ದು ಸಿದ್ಧೇಶ್ವರ ಕೆರೆಗೆ. ಊರ ನಡುವೆ ಅಷ್ಟು ದೊಡ್ಡ ನೀರು, ನೀರಿನ ನಡುವೆ ಗುಡಿ! ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮನ ಹೆಸರು ಈ ಕೆರೆಗೂ ಗುಡಿಗೂ ಸೇರಿಕೊಂಡಿದೆ. ಆಗ ಈ ಊರಿಗೆ ಸೊನ್ನಲಿಗೆ ಎಂದು ಹೆಸರು. ಸೊಲ್ಲಾಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. ಅದೂ ಕೆಲವು ವರ್ಷ ಕೈಕೊಡುತ್ತದೆ. ಇಂಥ ನೆಲದಲ್ಲಿ ಕೆರೆ ಕಟ್ಟಿಸುವುದಕ್ಕಿಂತ ದೊಡ್ಡ ಪುಣ್ಯ ಬೇರೆ ಯಾವುದಿದ್ದೀತು? ಸಿದ್ಧರಾಮನು ಜನರನ್ನು ಕೂಡಿಸಿಕೊಂಡು ಕೆರೆ ತೋಡಿಸುತ್ತಿದ್ದಾಗ ಅಲ್ಲಮಪ್ರಭು ಬಂದು ಆತನೊಡನೆ ವಾದ ಮಾಡಿದನೆಂದೂ, ಆ ಬಳಿಕ ಸಿದ್ಧರಾಮನು ಕಲ್ಯಾಣದ ಶರಣರನ್ನು ಕೂಡಿಕೊಂಡನೆಂದೂ ಶರಣರ ಕಥೆಗಳು ಹೇಳುತ್ತವೆ. ಆತನ ವಚನಗಳು ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿವೆ, ಎಲ್ಲವೂ ಕನ್ನಡದಲ್ಲಿ. ಕವಿ ರಾಘವಾಂಕನು ಆತನ ಚರಿತ್ರೆಯನ್ನು ಕಾವ್ಯವಾಗಿ ಬರೆದದ್ದೂ ಕನ್ನಡದಲ್ಲಿಯೇ.

ಗುಡಿಯ ಅಂಗಳದಲ್ಲಿರುವ ಸಮಾಧಿಗೆ ಕೈಮುಗಿದೆವು. ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ಎತ್ತರದ ನಂದಿಕೋಲುಗಳನ್ನು ಹೊತ್ತು, ಊರ ಸುತ್ತಲಿನ ಅರವತ್ತೆಂಟು ಲಿಂಗಗಳಿಗೆ ಮೆರವಣಿಗೆ ಹೋಗುವುದನ್ನು ಮುತ್ಯಾ ಬಣ್ಣಿಸಿದರು. ಬಿಳಿಯ ಬಾರಾಬಂದಿ ತೊಟ್ಟ ಗಂಡಸರು ಸರದಿಯಂತೆ ಕೋಲು ಹೊರುತ್ತಾರಂತೆ. ಆಗ ತಂಗಿ ಕೇಳಿದಳು: “ಹಾಗಾದರೆ ಈ ಊರು ಕನ್ನಡದವರದಾ, ಮರಾಠಿಯವರದಾ?” 1956ರಲ್ಲಿ ಭಾಷೆಗಳ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರ ಮೇ 1ರಂದು ಮಹಾರಾಷ್ಟ್ರಕ್ಕೆ ಸೇರಿತು ಎಂದು ನಾವು ಪಾಠದಲ್ಲಿ ಓದಿದ್ದನ್ನು ಹೇಳಿದೆವು. ಮುತ್ಯಾ ನಕ್ಕು, “ತಡಿ, ಮಧ್ಯಾಹ್ನ ಹೇಳತೀನಿ” ಎಂದರು.

ಕೆರೆಯ ಮಗ್ಗುಲಿಗೇ ಬಹಮನಿ ಸುಲ್ತಾನರ ಕಾಲದ ಭುಯಿಕೋಟೆ ಇದೆ. ಬೆಟ್ಟದ ಮೇಲಲ್ಲದೆ ಬಯಲಿನಲ್ಲಿ ಕಟ್ಟಿದ ಕೋಟೆಗೆ ಮರಾಠಿಯಲ್ಲಿ ‘ಭುಯಿಕೋಟ’ ಎನ್ನುತ್ತಾರೆ. ಬಯಲ ಕೋಟೆಗೆ ಬೆಟ್ಟದ ಆಸರೆ ಇರುವುದಿಲ್ಲ. ಆದ್ದರಿಂದ ಒಂದರೊಳಗೊಂದು ಎರಡು ಗೋಡೆ, ಸುತ್ತಲೂ ಕಂದಕ.

ಅಲ್ಲಿಂದ ನಾಲ್ಕು ಪುತ್ಥಳಿಗಳ ಚೌಕಕ್ಕೆ ಬಂದೆವು. ಈ ಚೌಕವನ್ನು ನಾವು ಹತ್ತಾರು ಸಲ ದಾಟಿದ್ದೇವೆ; ಪುತ್ಥಳಿಗಳು ಯಾರವೆಂದು ಕೇಳಿದವರಲ್ಲ. ಕಲ್ಲಿನ ಮೇಲಿನ ಮರಾಠಿ ಬರಹವನ್ನು ಓದಿ ಕನ್ನಡದಲ್ಲಿ ಹೇಳುವ ಸರದಿ ನಮಗೆ ಬಂತು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನವಾದಾಗ ಸೊಲ್ಲಾಪುರದ ಜನ ಸಿಡಿದೆದ್ದರು. ಸರಕಾರ ಇಲ್ಲಿ ಲಷ್ಕರಿ ಕಾಯಿದೆ ಜಾರಿ ಮಾಡಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು 1931ರ ಜನವರಿ 12ರಂದು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನಾಲ್ಕು ಹೆಸರುಗಳನ್ನು ಮತ್ತೊಮ್ಮೆ ಓದಿರಿ. ನಾಲ್ಕು ಮನೆಮಾತು, ನಾಲ್ಕು ಓಣಿಯ ಮಂದಿ ಒಂದೇ ಊರಿಗಾಗಿ ನಿಂತದ್ದು ಆ ಹೆಸರುಗಳಲ್ಲೇ ಕಾಣುತ್ತದೆ.

ಇನ್ನು ಅಂಗಡಿಗಳ ಮಾತು. ಸೊಲ್ಲಾಪುರಕ್ಕೆ ಬಂದು ಚಾದರ ಕೊಳ್ಳದೆ ಹೋದವರುಂಟೆ? ಪೇಟೆಯ ಒಂದು ಅಂಗಡಿಯಲ್ಲಿ ಕಾಕು ಮಿರಿಮಿರಿ ಮಿಂಚುವ, ಬೆಲೆಯೂ ಕಡಿಮೆಯಿರುವ ಒಂದನ್ನು ಆರಿಸಿದರು. ಮುತ್ಯಾ ಅದನ್ನು ಹೊರಳಿಸಿ ನೋಡಿ, “ಬ್ಯಾಡವ್ವಾ, ಇದು ನಮ್ಮೂರಿಂದಲ್ಲ” ಎಂದು ಮೆಲ್ಲಗೆ ಹೇಳಿದರು. ನಿಜವಾದ ಚಾದರವನ್ನು ಗುರುತಿಸುವ ಬಗೆಯನ್ನು ಪಾಲಕರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇವೆ. ಮೊದಲನೆಯದಾಗಿ, ಇದರ ಚಿತ್ತಾರ ಮೇಲೆ ಅಚ್ಚು ಹಾಕಿದ್ದಲ್ಲ, ನೂಲಿನಲ್ಲಿಯೇ ನೇಯ್ದದ್ದು. ಆದ್ದರಿಂದ ಎರಡೂ ಮಗ್ಗುಲಿಗೆ ಅದೇ ಚಿತ್ತಾರ ಕಾಣುತ್ತದೆ, ಬಣ್ಣ ಮಾತ್ರ ಅದಲುಬದಲು: ಒಂದು ಕಡೆ ಕೆಂಪು ನೆಲದ ಮೇಲೆ ಬಿಳಿ ನವಿಲಿದ್ದರೆ ಇನ್ನೊಂದು ಕಡೆ ಬಿಳಿ ನೆಲದ ಮೇಲೆ ಕೆಂಪು ನವಿಲು. ಎರಡನೆಯದಾಗಿ, ಅಂಚಿನ ಒಂದೆಳೆ ನೂಲನ್ನು ಕಿತ್ತು ಸುಟ್ಟರೆ ಹತ್ತಿಯ ನೂಲು ಕಾಗದದ ವಾಸನೆ ಕೊಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗುಳಿಗೆಯಂತೆ ಗಟ್ಟಿಯಾಗುತ್ತದೆ. ಸೊಲ್ಲಾಪುರ ಚಾದರಕ್ಕೆ ಸರಕಾರದ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಅಂದರೆ ಬೇರೆಡೆ ನೇಯ್ದದ್ದನ್ನು ಆ ಹೆಸರಿನಿಂದ ಮಾರುವಂತಿಲ್ಲ.

ನಮ್ಮ ಆಸಕ್ತಿ ಕಂಡು ಅಂಗಡಿಯವರು ಹಿಂದಿನ ಓಣಿಯಲ್ಲಿದ್ದ ಮಗ್ಗದ ಮನೆಗೆ ಕರೆದುಕೊಂಡು ಹೋದರು. ಖಟಖಟ ಸದ್ದಿನಲ್ಲಿ ಮಾತೇ ಕೇಳಿಸುತ್ತಿರಲಿಲ್ಲ. ಬಟ್ಟೆಯಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡಲಾಗಿ ಲಾಳಿ ಒಯ್ಯುವ ನೂಲು ಹೊಕ್ಕು. ಸಾದಾ ಬಟ್ಟೆಗೆ ಹಾಸಿನ ಎಳೆಗಳು ಒಂದು ಬಿಟ್ಟು ಒಂದು ಮೇಲೇಳುತ್ತವೆ. ಆದರೆ ನವಿಲನ್ನು ನೇಯಬೇಕಾದರೆ ಪ್ರತಿ ಸಾಲಿಗೂ ಬೇರೆ ಬೇರೆ ಎಳೆಗಳು ಏಳಬೇಕು. ಯಾವುದು ಏಳಬೇಕೆಂದು ಮಗ್ಗಕ್ಕೆ ಹೇಳುವವರಾರು? ಮಗ್ಗದ ನೆತ್ತಿಯ ಮೇಲೆ ತೂತುಗಳಿರುವ ದಪ್ಪ ಕಾಗದದ ಪಟ್ಟಿಗಳ ಮಾಲೆ ತಿರುಗುತ್ತಿರುತ್ತದೆ. ತೂತು ಇದ್ದಲ್ಲಿ ಸೂಜಿ ಒಳಹೋಗುತ್ತದೆ, ಅದಕ್ಕೆ ಸೇರಿದ ಕೊಕ್ಕೆ ಎಳೆಯನ್ನು ಎತ್ತುತ್ತದೆ. ತೂತು ಇಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಒಂದು ಪಟ್ಟಿ ಮುಗಿದರೆ ಒಂದು ಸಾಲು ಮುಗಿಯಿತು. ಫ್ರಾನ್ಸಿನ ಜಕಾರ್ಡ್ ಎಂಬಾತ 1804ರ ಸುಮಾರಿಗೆ ರೂಪಿಸಿದ ಈ ಯುಕ್ತಿಗೆ ಆತನ ಹೆಸರೇ ನಿಂತಿದೆ. ತೂತಿನ ಪಟ್ಟಿಯಿಂದ ಯಂತ್ರಕ್ಕೆ ಆಜ್ಞೆ ಕೊಡುವ ಇದೇ ವಿಚಾರ ಮುಂದೆ ಗಣಕಯಂತ್ರಗಳಿಗೂ ದಾರಿಯಾಯಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಮ್ಮ ಕಾಕಾ ಬಹಳ ಹೊತ್ತು ಆ ಪಟ್ಟಿಗಳ ಕೆಳಗೆ ನಿಂತುಬಿಟ್ಟರು.

ಅಂಗಡಿಯವರು ತೆಲಂಗಾಣದಿಂದ ಬಂದು ನೆಲೆಸಿದ ಪದ್ಮಶಾಲಿ ನೇಕಾರ ಮನೆತನದವರು. ಕೆಲಸಗಾರರೊಡನೆ ತೆಲುಗು, ಗಿರಾಕಿಗಳೊಡನೆ ಮರಾಠಿ, ನಮ್ಮೊಡನೆ ಕನ್ನಡ ಆಡಿದರು. ಅಲ್ಲಿಯೇ ಮುತ್ಯಾ ತಂಗಿಯ ಕೈಯನ್ನು ಬಟ್ಟೆಯ ಮೇಲೆ ಇರಿಸಿ, “ಈಗ ಹೇಳು, ಈ ಚಾದರ ಹಾಸಿಂದೋ ಹೊಕ್ಕಿಂದೋ? ಒಂದ ಎಳಿ ಹಿರದರ ಎಲ್ಲಾ ಸಡಲತದ. ಊರೂ ಹಂಗ” ಎಂದರು. ಬೆಳಗಿನ ಪ್ರಶ್ನೆಗೆ ಇದೇ ಅವರ ಉತ್ತರ.

ಮಧ್ಯಾಹ್ನ ಒಂದು ಖಾನಾವಳಿಯಲ್ಲಿ ಊಟ. ಜೋಳದ ಕಡಕ್ ರೊಟ್ಟಿ, ಎಣ್ಣಿಗಾಯಿ ಬದನೆಕಾಯಿ, ಝುಣಕ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಚಿಕ್ಕ ತಮ್ಮ ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಪಟಪಟ ಮುರಿದು ತಿಂದ. ಜೋಳದಲ್ಲಿ ಗೋದಿಯ ಜಿಗುಟು ಇಲ್ಲ. ಅದಕ್ಕೇ ಬಿಸಿನೀರಿನಲ್ಲಿ ನಾದಿ, ಲಟ್ಟಿಸದೆ ಕೈಯಿಂದ ಬಡಿಯುತ್ತಾರೆ. ತೆಳ್ಳಗೆ ಬಡಿದು ಬೇಯಿಸಿದ ರೊಟ್ಟಿಯನ್ನು ಮತ್ತೆ ಒಲೆಯ ಕಾವಿಗೆ ಒಣಗಿಸಿದರೆ ಕಡಕ್ ರೊಟ್ಟಿ. ನೀರಿನಂಶ ಹೋದುದರಿಂದ ಬೂಸಲು ಹಿಡಿಯದು, ವಾರಗಟ್ಟಲೆ ಉಳಿಯುತ್ತದೆ. ಹುರಿದ ಶೇಂಗಾ, ಖಾರ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಒರಳಲ್ಲಿ ಕುಟ್ಟಿದಾಗ ಶೇಂಗಾದ ಎಣ್ಣೆಯೇ ಹೊರಬಂದು ಹಿಂಡಿಯನ್ನು ಹಿಡಿದಿಡುತ್ತದೆ. ಹನಿ ನೀರೂ ಬೇಡ. ಎರಿ ಹೊಲದಲ್ಲಿ ಹಿಂಗಾರಿಯ ಮಳೆಯ ಹಸಿಯನ್ನೇ ನಂಬಿ ಬೆಳೆಯುವ ಮಾಲದಂಡಿ ಜೋಳ, ಬರಗಾಲಕ್ಕೂ ಬುತ್ತಿಗೂ ಒದಗುವ ರೊಟ್ಟಿ! ಬೆಳಿಗ್ಗೆ ಕೆರೆ ಕಂಡೆವಲ್ಲ, ಆ ಕೆರೆಯ ಕಥೆಯೇ ತಾಟಿನಲ್ಲಿಯೂ ಇತ್ತು.

ಸಂಜೆ ಹಿಂಡಿಯ ಪೊಟ್ಟಣಗಳನ್ನು ಕೊಂಡು ಬಸ್ ನಿಲ್ದಾಣಕ್ಕೆ ಹೋಗುವಾಗ ಮುತ್ಯಾ ರಿಕ್ಷಾ ನಿಲ್ಲಿಸಿ, ಒಂದು ಹಳೆಯ ಗೇಟಿನ ಮುಂದೆ ಇಳಿದರು. ಅವರ ಗಿರಣಿ ಇದ್ದ ಜಾಗ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈ ಊರಿಗೆ ಅನ್ನ ಕೊಟ್ಟ ದೊಡ್ಡ ಗಿರಣಿಗಳು ಒಂದೊಂದಾಗಿ ನಿಂತುಹೋದವು. “ಭೋಂಗಾ ಆಗೂದ್ರಾಗ ಇಲ್ಲಿರಬೇಕಿತ್ತು. ಕಡೀ ದಿನಾ ಭೋಂಗಾ ಆಗಲೇ ಇಲ್ಲ” ಎಂದಷ್ಟೇ ಹೇಳಿ ಮತ್ತೆ ರಿಕ್ಷಾ ಹತ್ತಿದರು. ಕೆಲಸ ಕಳೆದುಕೊಂಡ ಊರನ್ನು ಅವರು ಬೆಳಗಿನಿಂದ ಎಷ್ಟು ಹೆಮ್ಮೆಯಿಂದ ತೋರಿಸಿದ್ದರೆಂಬುದು ನಮಗೆ ಆಗ ತಿಳಿಯಿತು. “ಮುತ್ಯಾ, ಇದನ್ನೆಲ್ಲ ಮೊದಲ ಯಾಕ ತೋರಿಸಲಿಲ್ಲ?” ಎಂದು ಕೇಳಿದೆವು. “ಯಾರೂ ಕೇಳಲಿಲ್ಲಲ್ಲ” ಎಂದರು.

ಕಾಕು ಅವರ ಪ್ರಶ್ನೆಗೆ ನಾವು ಪೂರ್ಣ ಉತ್ತರ ಕಂಡೆವೆಂದು ಹೇಳಲಾರೆವು. ಮುಂದಿನ ಕಾಲೇಜು, ನೌಕರಿಗಳ ಚಿಂತೆ ನಮ್ಮ ಪಾಲಕರಿಗೆ ಇದ್ದೇ ಇದೆ. ಆದರೆ ಆ ದಿನ ಮರಾಠಿ ಫಲಕ ಓದಿದವರು ನಾವು, ಕನ್ನಡದಲ್ಲಿ ತಿಳಿಸಿ ಹೇಳಿದವರೂ ನಾವು. ಬೆಂಗಳೂರಿಗೆ ಹೋಗುವ ಮುನ್ನ ತಂಗಿ ನಮ್ಮ ಹಳೆಯ ಕನ್ನಡ ಪುಸ್ತಕವೊಂದನ್ನು ಕೇಳಿ ಒಯ್ದಳು. ಮನೆಯಲ್ಲಿ ಕನ್ನಡ ಆಡುವ ಆಕೆಗೆ ಓದಲು ಬರುತ್ತಿರಲಿಲ್ಲ.

ಗೆಳೆಯ ಗೆಳತಿಯರೇ, ನಿಮ್ಮ ಮನೆಗೂ ನೆಂಟರು ಬರುತ್ತಾರೆ. ಅವರನ್ನು ಬರಿಯ ಪೇಟೆಗೆ ಕರೆದೊಯ್ದು ಮರಳಬೇಡಿರಿ. ಮನೆಯ ಹಿರಿಯರೊಬ್ಬರನ್ನು ಸಂಗಡ ಕರೆದುಕೊಳ್ಳಿರಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು ಮುಂದಿನ ವರ್ಷದ ಸಂಚಿಕೆಗೆ ಕೊಡಿರಿ.