ಅರಸನ ಹೆಸರಿಲ್ಲದ ಶಾಸನ

1880ರಲ್ಲಿ ಒಂದು ದಿನ ಜೆರುಸಲೇಮಿನ ಸಿಲೋವ ಕೊಳದ ಬಳಿ ಹುಡುಗರು ನೀರಾಟವಾಡುತ್ತಿದ್ದರು. ಕೊಳಕ್ಕೆ ನೀರು ತರುವ ಸುರಂಗದೊಳಗೆ ಹೊಕ್ಕ ಒಬ್ಬ ಕಾಲು ಜಾರಿ ಬಿದ್ದ. ಏಳುವಾಗ ಪಕ್ಕದ ಬಂಡೆಯ ಮೇಲೆ ಅಕ್ಷರಗಳಂಥ ಗೀರುಗಳು ಕಂಡವು. ಹೋಗಿ ಗುರು ಕೊನ್ರಾಡ್ ಶಿಕ್ ಅವರಿಗೆ ಹೇಳಿದ. ಜರ್ಮನ್ ವಾಸ್ತುಶಿಲ್ಪಿ ಶಿಕ್ ಆ ಊರಿನ ನೆಲದಡಿಯನ್ನು ವರ್ಷಗಟ್ಟಲೆ ಅಳೆದವರು. ಅವರಿಗಿಂತ ಮುಂಚೆ, 1838ರಲ್ಲಿ, ಅಮೆರಿಕದ ಎಡ್ವರ್ಡ್ ರಾಬಿನ್ಸನ್ ಮತ್ತು ಎಲೈ ಸ್ಮಿತ್ ಇದೇ ಸುರಂಗದಲ್ಲಿ ತೆವಳಿದ್ದರು. ಮೊದಲ ಸಲ ಅರ್ಧಕ್ಕೇ ಹಿಂದಿರುಗಿ, ಕೆಲ ದಿನಗಳ ಮೇಲೆ ಇನ್ನೊಂದು ತುದಿಯಿಂದ ಹೊಕ್ಕು, ಉದ್ದ 1,750 ಅಡಿ ಎಂದು ಬರೆದಿಟ್ಟರು. 1867ರಲ್ಲಿ ಬ್ರಿಟಿಷ್ ಸೇನೆಯ ಎಂಜಿನಿಯರ್ ಚಾರ್ಲ್ಸ್ ವಾರನ್ ಬಂದುಹೋದರು. ಸುರಂಗದ ಬಾಯಿಂದ ಕೆಲವೇ ಮೀಟರ್ ಒಳಗಿದ್ದ ಬರಹ ಇವರಾರ ಕಣ್ಣಿಗೂ ಬಿದ್ದಿರಲಿಲ್ಲ.

ಸುರಂಗವನ್ನು ಕೊರೆಯಬೇಕಾಗಿ ಬಂದದ್ದು ನೀರಿನ ಭಯದಿಂದ. ಹಳೆಯ ಜೆರುಸಲೇಮಿಗೆ ವರ್ಷವಿಡೀ ಬತ್ತದ ಬುಗ್ಗೆ ಇದ್ದದ್ದು ಒಂದೇ, ಗೀಹೋನ್. ಅದು ಗುಡ್ಡದ ಮೇಲಿನ ಊರಿಗೆ ಪೂರ್ವದಲ್ಲಿ, ಕಿದ್ರೋನ್ ಕಣಿವೆಯ ತಳದಲ್ಲಿದೆ. ಊರನ್ನು ಮುತ್ತುವ ಸೈನ್ಯ ಮೊದಲು ಬಂದು ನಿಲ್ಲುವುದೂ ಅಲ್ಲೇ. ಕ್ರಿ.ಪೂ. ಎಂಟನೆಯ ಶತಮಾನದ ಕೊನೆಯಲ್ಲಿ ಯೆಹೂದದ ಅರಸ ಹಿಜ್ಕೀಯ ಅಶ್ಶೂರ ಸಾಮ್ರಾಜ್ಯಕ್ಕೆ ಕಪ್ಪ ಕೊಡುವುದನ್ನು ನಿಲ್ಲಿಸಿದ. ಅಶ್ಶೂರದ ಅರಸ ಸನ್ಹೇರೀಬ ಸುಮ್ಮನಿರುವವನಲ್ಲ, ಕ್ರಿ.ಪೂ. 701ರಲ್ಲಿ ದಂಡೆತ್ತಿ ಬಂದ. ಹಿಜ್ಕೀಯ ಕೊಳವನ್ನೂ ಕಾಲುವೆಯನ್ನೂ ಮಾಡಿಸಿ ಊರೊಳಕ್ಕೆ ನೀರು ತಂದನೆಂದು ಬೈಬಲಿನ ಅರಸುಗಳ ಎರಡನೆಯ ಪುಸ್ತಕ ಹೇಳುತ್ತದೆ. ಹೇಳುವುದು ಅಷ್ಟೇ, ಅವನ ಆಳ್ವಿಕೆಯ ಕಥೆ ಮುಗಿಸುವಾಗ ಸೇರಿಸಿದ ಒಂದು ಮಾತು.

ಆ ಒಂದು ಮಾತಿನ ಹಿಂದಿನ ಕೆಲಸ ನೋಡಿ. ಬುಗ್ಗೆಗೂ ಕೊಳಕ್ಕೂ ನೇರ ದೂರ ಸುಮಾರು 320 ಮೀಟರ್. ಸುರಂಗದ ಉದ್ದ 533 ಮೀಟರ್. ಹಾವಿನ ಹಾಗೆ ಎರಡು ಕಡೆ ಬಳುಕಿಕೊಂಡು ಸಾಗುತ್ತದೆ. ಅಗಲ ಹೆಚ್ಚಿನ ಕಡೆ ಒಬ್ಬನಿಗಷ್ಟೇ ಸಾಲುವಷ್ಟು. ಅಂದರೆ ಮುಂದಿನ ಬಂಡೆಗೆ ಪಿಕಾಸಿ ಹಾಕುವವನು ಒಂದು ಹೊತ್ತಿಗೆ ಒಬ್ಬನೇ, ಉಳಿದವರು ಎಣ್ಣೆದೀಪದ ಬೆಳಕಿನಲ್ಲಿ ಕಲ್ಲುಚೂರು ಹೊರಕ್ಕೆ ಸಾಗಿಸಬೇಕು. ಒಂದೇ ಕಡೆಯಿಂದ ಕೊರೆದರೆ ಯಾವ ಕಾಲಕ್ಕೂ ಮುಗಿಯುವುದಲ್ಲವೆಂದೋ ಏನೋ, ಬುಗ್ಗೆಯ ಕಡೆಯಿಂದ ಒಂದು ತಂಡ, ಕೊಳದ ಕಡೆಯಿಂದ ಇನ್ನೊಂದು ತಂಡ ಹೊರಟವು. ಎರಡು ತಂಡಗಳೆಂಬುದು ಊಹೆಯಲ್ಲ. ಗೋಡೆಯ ಮೇಲಿನ ಪಿಕಾಸಿ ಗುರುತುಗಳು ಒಂದು ಭಾಗದಲ್ಲಿ ಒಂದು ದಿಕ್ಕಿಗೆ ಓರೆಯಾಗಿವೆ, ಇನ್ನೊಂದು ಭಾಗದಲ್ಲಿ ಎದುರು ದಿಕ್ಕಿಗೆ.

ದಿಕ್ಸೂಚಿಯಿಲ್ಲದ ಕಾಲದಲ್ಲಿ, ಬಂಡೆಯ ಹೊಟ್ಟೆಯೊಳಗೆ, ಎರಡು ತಂಡಗಳು ಒಂದನ್ನೊಂದು ತಪ್ಪಿಸಿಕೊಳ್ಳದೆ ಸೇರಿದ್ದು ಹೇಗೆ? ಸುಣ್ಣಕಲ್ಲಿನಲ್ಲಿ ನೀರು ತಾನಾಗಿ ಕೊರೆದಿದ್ದ ಬಿರುಕನ್ನು ಹಿಡಿದು ಹೋದರು, ಅದಕ್ಕೇ ದಾರಿ ಅಂಕುಡೊಂಕು ಎಂದು ಭೂವಿಜ್ಞಾನಿ ಡ್ಯಾನ್ ಗಿಲ್ ವಾದಿಸಿದರು. ಹಾಗಿದ್ದಿದ್ದರೆ ಕೊನೆಯಲ್ಲಿ ಅಷ್ಟೊಂದು ತಡಕಾಟ ಯಾಕೆ ಎಂಬ ಪ್ರಶ್ನೆ ಉಳಿಯುತ್ತದೆ. ಎರಡು ತಂಡ ಸೇರುವ ಜಾಗದ ಆಚೀಚೆ ಕೊರೆದು ಕೈಬಿಟ್ಟ ಕುರುಡು ಕೊನೆಗಳಿವೆ, ದಾರಿ ಪದೇ ಪದೇ ಹೊರಳುತ್ತದೆ. ಮೇಲಿನವರು ನೆಲದ ಬಂಡೆಗೆ ಬಡಿದು, ಆ ಸದ್ದಿನ ಜಾಡಿನಲ್ಲಿ ಒಳಗಿನವರನ್ನು ನಡೆಸಿದರು ಎಂಬುದು ಆರ್ಯೆ ಶಿಮ್ರೋನ್ ಮತ್ತು ಆಮೋಸ್ ಫ್ರುಮ್ಕಿನ್ ಅವರ ವಾದ. ನನಗೆ ಇದೇ ಹೆಚ್ಚು ಸರಿ ಅನಿಸುತ್ತದೆ. ಸೇರಿದ ಮೇಲೂ ಕೆಲಸ ಮುಗಿದಿರಲಿಲ್ಲ. ನೀರು ತಾನಾಗಿ ಹರಿಯಬೇಕಾದರೆ ಇಳಿಜಾರು ಬೇಕು. ಇಡೀ ಉದ್ದಕ್ಕೆ ನೆಲ ಇಳಿದಿರುವುದು ಸುಮಾರು 30 ಸೆಂಟಿಮೀಟರ್ ಮಾತ್ರ. ಅದನ್ನು ಸಾಧಿಸಲು ಕೊಳದ ಕಡೆ ನೆಲವನ್ನು ಮತ್ತೆ ಕಡಿದು ಇಳಿಸಿದ್ದಾರೆ, ಅದಕ್ಕೇ ಆ ತುದಿಯಲ್ಲಿ ಚಾವಣಿ ಐದು ಮೀಟರ್ ಎತ್ತರದಲ್ಲಿದೆ.

ಹುಡುಗ ಕಂಡ ಆರು ಸಾಲು ಈ ಕೆಲಸದ ಕಥೆಯೇ. 1881ರಲ್ಲಿ ಆರ್ಚಿಬಾಲ್ಡ್ ಸೇಸ್ ಎಂಬ ಇಂಗ್ಲಿಷ್ ವಿದ್ವಾಂಸ ಮೋಂಬತ್ತಿ ಹಿಡಿದು, ಕೆಸರು ನೀರಿನಲ್ಲೇ ಕೂತು ಅದನ್ನು ನಕಲು ಮಾಡಿಕೊಂಡ. ಅಕ್ಷರಗಳಲ್ಲಿ ತುಂಬಿಕೊಂಡಿದ್ದ ಸುಣ್ಣವನ್ನು ಜರ್ಮನ್ ವಿದ್ವಾಂಸ ಹರ್ಮಾನ್ ಗೂಟೆ ಆಮ್ಲದಿಂದ ತೊಳೆದ ಮೇಲೆ ಓದು ಸ್ಪಷ್ಟವಾಯಿತು. ಹಳೆಯ ಹೀಬ್ರೂ ಲಿಪಿ. ಇನ್ನು ಮೂರು ಮೊಳ ಉಳಿದಿದ್ದಾಗ ಒಬ್ಬ ಇನ್ನೊಬ್ಬನನ್ನು ಕೂಗುವ ದನಿ ಕೇಳಿಸಿತಂತೆ. ಕೊರೆಯುವವರು ಎದುರುಬದುರಾಗಿ, ಪಿಕಾಸಿಗೆ ಪಿಕಾಸಿ ತಾಗುವಂತೆ ಹೊಡೆದರಂತೆ. ಆಮೇಲೆ ಬುಗ್ಗೆಯಿಂದ ಕೊಳಕ್ಕೆ 1,200 ಮೊಳ ನೀರು ಹರಿಯಿತು, ಕೊರೆಯುವವರ ತಲೆಯ ಮೇಲೆ ಬಂಡೆ 100 ಮೊಳ ದಪ್ಪವಿತ್ತು. ಮುಗಿಯಿತು.

ಸ್ವಸ್ತಿ ಶ್ರೀ ಎಂದು ತೊಡಗಿ ಅರಸನ ಬಿರುದುಗಳನ್ನೆಲ್ಲ ಹೇಳಿದ ಮೇಲಷ್ಟೇ ವಿಷಯಕ್ಕೆ ಬರುವ ನಮ್ಮ ಶಾಸನಗಳನ್ನು ಓದಿದವರಿಗೆ ಇದು ವಿಚಿತ್ರ ಬರಹ. ಇಲ್ಲಿ ಅರಸನಿಲ್ಲ, ದೇವರಿಲ್ಲ, ತೇದಿಯಿಲ್ಲ. ಬರೆಯಲು ನಯಗೊಳಿಸಿದ ಕಲ್ಲಿನ ಮೇಲ್ಭಾಗ ಖಾಲಿಯಿದೆ. ಅರಸನ ಹೆಸರಿಗೆಂದು ಬಿಟ್ಟ ಜಾಗವೆಂದು ಕೆಲವರು ಹೇಳುವುದುಂಟು. ಊರಿನ ಬೆಳಕಿನಿಂದ ದೂರ, ಯಾರೂ ಓದಲು ಬಾರದ ಕತ್ತಲೆಯಲ್ಲಿ ಇದನ್ನು ಕೆತ್ತಿದ್ದು ಕೆಲಸದವರೇ, ತಮ್ಮ ಖುಷಿಗೆ ಎಂದು ನಾನು ಓದುತ್ತೇನೆ.

ಹೆಸರಿಲ್ಲದ್ದರಿಂದ ತಕರಾರೂ ಹುಟ್ಟಿತು. ಇದು ಹಿಜ್ಕೀಯನ ಕಾಲದ್ದೇ ಅಲ್ಲ, ಐದಾರು ಶತಮಾನ ಈಚಿನದು ಎಂದು 1996ರಲ್ಲಿ ಬೈಬಲ್ ವಿದ್ವಾಂಸರಾದ ಜಾನ್ ರೋಜರ್ಸನ್ ಮತ್ತು ಫಿಲಿಪ್ ಡೇವಿಸ್ ಬರೆದರು. 2003ರಲ್ಲಿ ಫ್ರುಮ್ಕಿನ್, ಶಿಮ್ರೋನ್ ಮತ್ತು ಜೆಫ್ ರೋಸೆನ್‌ಬಾಮ್ ಅದಕ್ಕೆ ಉತ್ತರ ಕೊಟ್ಟರು. ಸುರಂಗದ ನೆಲಕ್ಕೆ ಬಳಿದ ಗಾರೆಯಲ್ಲಿ ಸಿಕ್ಕಿಕೊಂಡಿದ್ದ ಗಿಡದ ಚೂರಿಗೆ ಕಾರ್ಬನ್ ಪರೀಕ್ಷೆ, ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೊಂಬಿಗೆ ಯುರೇನಿಯಂ-ಥೋರಿಯಂ ಪರೀಕ್ಷೆ. ಎರಡೂ ಕ್ರಿ.ಪೂ. 700ರ ಆಸುಪಾಸಿಗೆ ಹೊಂದಿಕೊಂಡವು. ಆದರೂ ಪುರಾತತ್ವಜ್ಞರಾದ ರೋನಿ ರೈಕ್ ಮತ್ತು ಎಲೀ ಶುಕ್ರೋನ್ ಸುರಂಗ ಹಿಜ್ಕೀಯನಿಗಿಂತ ಹಳೆಯದಿರಬೇಕು ಎನ್ನುತ್ತಾರೆ.

ದಂಡೆತ್ತಿ ಬಂದವನ ಮಾತೂ ಸಿಕ್ಕಿದೆ. ಅಶ್ಶೂರದ ರಾಜಧಾನಿ ನಿನೆವೆಯಲ್ಲಿ ದೊರೆತ ಮಣ್ಣಿನ ಪಟ್ಟಕದಲ್ಲಿ ಸನ್ಹೇರೀಬ ಯೆಹೂದದ 46 ಕೋಟೆಯೂರುಗಳನ್ನು ಗೆದ್ದೆನೆಂದೂ, ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಜೆರುಸಲೇಮಿನಲ್ಲಿ ಕೂಡಿಹಾಕಿದೆನೆಂದೂ ಬರೆಸಿದ್ದಾನೆ. ಊರನ್ನು ಗೆದ್ದೆನೆಂದು ಮಾತ್ರ ಎಲ್ಲೂ ಹೇಳುವುದಿಲ್ಲ. ಅವನ ಅರಮನೆಯ ಗೋಡೆಗೆ ಕೆತ್ತಿಸಿದ್ದೂ ಯೆಹೂದದ ಲಾಕೀಷ್ ಊರು ಬಿದ್ದ ಚಿತ್ರವನ್ನೇ. ಹಿಜ್ಕೀಯ ಅವನಿಗೆ ಕಪ್ಪವಾಗಿ ತೆತ್ತ ಚಿನ್ನ, ಆ ಕಾಲದ ತೂಕದಲ್ಲಿ, 30 ತಲಾಂತು ಎನ್ನುವಲ್ಲಿ ಬೈಬಲ್ಲೂ ಪಟ್ಟಕವೂ ಒಪ್ಪುತ್ತವೆ. ಬೆಳ್ಳಿ ಮಾತ್ರ ಬೈಬಲ್ಲಿನಲ್ಲಿ 300, ಗೆದ್ದವನ ಲೆಕ್ಕದಲ್ಲಿ 800! ಉತ್ಖನನದಿಂದ ಬೈಬಲ್ ನಿಜವಾಯಿತು ಎಂದು ಕುಣಿಯುವವರೂ ಸುಳ್ಳಾಯಿತು ಎಂದು ನಗುವವರೂ ಈ ಒಂದು ಲೆಕ್ಕ ನೋಡಿದರೆ ಸಾಕು.

ಇನ್ನು ಕಲ್ಲಿನ ಗತಿ. 1890ರ ಸುಮಾರಿಗೆ ಯಾರೋ ಅದನ್ನು ಗೋಡೆಯಿಂದ ಕಡಿದೆಬ್ಬಿಸಿದರು, ಚೂರುಚೂರಾಯಿತು. ಆಗ ಜೆರುಸಲೇಮ್ ಒಟ್ಟೋಮನ್ನರ ಆಳ್ವಿಕೆಯಲ್ಲಿದ್ದುದರಿಂದ ಚೂರುಗಳು ವಶವಾಗಿ ಇಸ್ತಾಂಬುಲ್ ಸೇರಿದವು. 1909ರಲ್ಲಿ ಮಾಂಟೆಗ್ಯು ಪಾರ್ಕರ್ ಎಂಬ ಇಂಗ್ಲಿಷ್ ಸಾಹಸಿ ಮೋಶೆಯ ಶಾಸನಗಳ ಮಂಜೂಷವನ್ನು ಹುಡುಕಲು ಬಂದು, ಸುರಂಗದ ಹೂಳನ್ನೆಲ್ಲ ತೆಗೆಸಿದ. 1911ರಲ್ಲಿ ಹಳೆಯ ದೇವಾಲಯವಿದ್ದ ಗುಡ್ಡದ ಪವಿತ್ರ ಆವರಣವನ್ನೇ ರಾತ್ರಿ ಕದ್ದು ಅಗೆದು, ಗಲಭೆಯೆದ್ದು ಓಡಿಹೋದ. ನಿಧಿ ಸಿಗಲಿಲ್ಲ. ಜೊತೆಗಿದ್ದ ಪಾದ್ರಿ ಲೂಯಿ ವಿನ್ಸೆಂಟ್ ಮಾಡಿಟ್ಟ ಅಳತೆಗಳು ವಿದ್ವಾಂಸರಿಗೆ ಉಳಿದವು.

ಕಲ್ಲನ್ನು ಹಿಂದಿರುಗಿಸಿ ಎಂದು ಇಸ್ರೇಲ್ ಹಲವು ಸಲ ಕೇಳಿದೆ, ಟರ್ಕಿ ಕೊಟ್ಟಿಲ್ಲ. ಸುರಂಗದ ಮೇಲಿನ ಸಿಲ್ವಾನ್ ಪ್ಯಾಲೆಸ್ಟೀನಿಯನ್ನರು ಬಾಳುವ ಬಡಾವಣೆ. ಅಲ್ಲಿ ಅಗೆಯುವ ಹಕ್ಕು ಯಾರದೆಂಬ ಜಗಳ ಇನ್ನೂ ನಿಂತಿಲ್ಲ. ಶಾಸನದ ಮೂಲವನ್ನು ನೋಡಬೇಕಾದವರು ಇಸ್ತಾಂಬುಲ್ಲಿನ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಸುರಂಗದ ಗೋಡೆಯಲ್ಲಿರುವುದು ಅದರ ಪ್ರತಿ. ಜೆರುಸಲೇಮಿಗೆ ಹೋದವರು ಗೀಹೋನ್ ಕಡೆಯಿಂದ ಇಳಿದು ಸುರಂಗವನ್ನು ಪೂರ್ತಿ ನಡೆಯಬಹುದು. ಟಾರ್ಚ್ ಬೇಕು, ನೀರು ಮೊಣಕಾಲುದ್ದ ಇರುತ್ತದೆ.