ಗಾಳಕ್ಕೆ ಬೀಳುವ ಸೇನಾಪತಿ

‘ಬ್ಯಾಟಲ್ ಫಾರ್ ವೆಸ್‌ನಾತ್’ 2003ರಿಂದ ಪುಕ್ಕಟೆಯಾಗಿ ಸಿಗುತ್ತಿರುವ ಕಂಪ್ಯೂಟರ್ ಯುದ್ಧದಾಟ. ಆರು ಮೂಲೆಯ ಮನೆಗಳ ನಕ್ಷೆಯ ಮೇಲೆ ಒಮ್ಮೆ ನೀವು ಪಡೆ ನಡೆಸಬೇಕು, ಆಮೇಲೆ ಕಂಪ್ಯೂಟರಿನ ಸರದಿ. ಬಹುಪಾಲು ಕದನಗಳು ಶತ್ರು ನಾಯಕ ಬಿದ್ದ ಕೂಡಲೇ ಮುಗಿಯುತ್ತವೆ. ನಿಗದಿಗಿಂತ ಮೊದಲೇ ಗೆದ್ದರೆ ಉಳಿದ ಪ್ರತಿ ಸರದಿಗೂ ಚಿನ್ನ ಸಿಗುತ್ತದೆ, ಅದರಲ್ಲೊಂದು ಪಾಲು ಮುಂದಿನ ಕದನಕ್ಕೆ ಒದಗುತ್ತದೆ. ಅಂದರೆ ಬೇಗ ಗೆಲ್ಲುವುದು ಇಲ್ಲಿ ಬರೀ ಹೆಮ್ಮೆಯ ಮಾತಲ್ಲ, ಮುಂದಿನ ಊಟದ ಪ್ರಶ್ನೆ. ಹಾಗೆ ಬೇಗ ಗೆಲ್ಲುವವರನ್ನು ಗಮನಿಸಿದರೆ ಅವರು ತಮ್ಮ ಸೈನ್ಯಕ್ಕಿಂತ ಎದುರಾಳಿಯ ಸ್ವಭಾವದ ಬಗ್ಗೆಯೇ ಹೆಚ್ಚು ಯೋಚಿಸುತ್ತಿರುತ್ತಾರೆ. ಕಂಪ್ಯೂಟರ್ ಯಾವುದಕ್ಕೆ ಆಸೆಪಡುತ್ತದೆ, ಯಾವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ತಿಳಿದುಕೊಂಡು, ಅದೇ ಸಂದಿಯಲ್ಲಿ ನುಗ್ಗುತ್ತಾರೆ. ಇದನ್ನು ಕಳ್ಳದಾರಿ ಎನ್ನುವವರು ಬಹಳ ಮಂದಿ. ನನಗೆ ಹಾಗನ್ನಿಸುವುದಿಲ್ಲ, ಈ ಬಗೆಯ ಆಟಗಳಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆಯೇ ಇದು ಎಂಬುದು ನನ್ನ ವಾದ.

ವೆಸ್‌ನಾತ್‌ನ ಕೋಡ್ ಎಲ್ಲರಿಗೂ ತೆರೆದಿದೆ, ಆದ್ದರಿಂದ ಅದರ ಎಐ (ಕಂಪ್ಯೂಟರ್ ಎದುರಾಳಿಯನ್ನು ಆಡಿಸುವ ಕೃತಕ ಬುದ್ಧಿಮತ್ತೆ) ಹೇಗೆ ತೀರ್ಮಾನಿಸುತ್ತದೆ ಎಂಬುದು ಗುಟ್ಟೇನಲ್ಲ. ಪಡೆ ಕಟ್ಟುವುದು, ಹಳ್ಳಿ ಹಿಡಿಯುವುದು, ದಾಳಿ, ಹಿಂದೆ ಸರಿಯುವುದು ಹೀಗೆ ಮಾಡಬಹುದಾದ ಒಂದೊಂದು ಕೆಲಸಕ್ಕೂ ಅಂಕ ಕೊಟ್ಟು, ಹೆಚ್ಚು ಅಂಕ ಬಿದ್ದದ್ದನ್ನು ಮಾಡಿ, ಮತ್ತೆ ಮೊದಲಿನಿಂದ ಅಂಕ ಹಾಕುತ್ತಾ ಹೋಗುತ್ತದೆ. ಅದರ ಆಕ್ರಮಣಶೀಲತೆಗೂ ಒಂದು ಸಂಖ್ಯೆಯಿದೆ, ಎಚ್ಚರಿಕೆಗೂ ಒಂದಿದೆ. ಯಾರೂ ಬದಲಿಸದಿದ್ದರೆ ಮೊದಲನೆಯದು 0.4, ಎರಡನೆಯದು 0.25. ಆಕ್ರಮಣಶೀಲತೆ 1 ಆದರೆ ತನ್ನ ಕಡೆ ಎಷ್ಟು ಜನ ಸತ್ತರೂ ಅದಕ್ಕೆ ಲೆಕ್ಕವಿಲ್ಲ. ಈ ಹಿನ್ನೆಲೆಯಲ್ಲಿ ಒಂದು ನದೀತೀರವನ್ನು ಹತ್ತಿರದಿಂದ ನೋಡೋಣ. ಓರ್ಕ್‌ಗಳು ಈ ಆಟದ ರಾಕ್ಷಸರು, ರಾತ್ರಿ ಕಾಲದ ಜೀವಿಗಳು: ಕತ್ತಲಲ್ಲಿ ಅವುಗಳ ಏಟಿನ ಬಲ 25% ಏರುತ್ತದೆ, ಹಗಲಲ್ಲಿ ಅಷ್ಟೇ ಇಳಿಯುತ್ತದೆ. ಈಟಿಗಾರ, ಕುದುರೆ ಸವಾರರಂಥ ಮನುಷ್ಯ ಸೈನಿಕರಿಗೆ ಇದು ತಿರುವುಮುರುವು. ನೀವು ಹೊಳೆಯ ಅಂಚಿನ ಹಳ್ಳಿಯಲ್ಲಿ ಒಬ್ಬನೇ ಈಟಿಗಾರನನ್ನು ನಿಲ್ಲಿಸುತ್ತೀರಿ. ಹಳ್ಳಿಯೊಳಗೆ ಅವನ ಮೇಲೆ ಬೀಸಿದ ಪ್ರತಿ ಏಟೂ ತಪ್ಪುವ ಸಾಧ್ಯತೆ 60%. ಅವನನ್ನು ಮುಟ್ಟಬೇಕಾದರೆ ಓರ್ಕ್ ನೀರಿಗಿಳಿಯಬೇಕು, ನೀರಿನಲ್ಲಿ ನಿಂತ ಓರ್ಕ್‌ಗೆ ಏಟು ತಗಲುವ ಸಾಧ್ಯತೆ 80%. ಸಾಲದ್ದಕ್ಕೆ, ದಾಳಿಗೆ ಬಂದದ್ದು ಓರ್ಕ್ ಆದರೂ ಮೊದಲು ಚುಚ್ಚುವವನು ಈಟಿಗಾರನೇ, ಅದು ಅವನ ವಿಶೇಷ ಶಕ್ತಿ. ಅನುಭವವಿರುವ ಮನುಷ್ಯ ಸೇನಾಪತಿಯಾದರೆ ಆಚೆ ದಡದಲ್ಲೇ ನಿಂತು ಕತ್ತಲಾಗುವುದನ್ನು ಕಾಯುತ್ತಾನೆ. ಕಂಪ್ಯೂಟರಿಗೆ ಆ ತಾಳ್ಮೆ ಸಾಮಾನ್ಯವಾಗಿ ಇರುವುದಿಲ್ಲ. ಒಂಟಿ ಸೈನಿಕ, ಕೈಗೆಟುಕುವ ಹಳ್ಳಿ, ಎರಡಕ್ಕೂ ಅಂಕ ಬಿತ್ತು. ನಡುಮಧ್ಯಾಹ್ನ ಓರ್ಕ್‌ಗಳು ಒಂದರ ಹಿಂದೊಂದು ಹೊಳೆಗಿಳಿಯುತ್ತವೆ. ಈಟಿಗಾರ ಬದುಕುಳಿದರೆ ಆ ಹಳ್ಳಿಯೇ ಪ್ರತಿ ಸರದಿಗೂ ಅವನ ಜೀವಬಲಕ್ಕೆ ಎಂಟು ಅಂಕ ಸೇರಿಸುತ್ತದೆ. ಇತ್ತ ಕೈಯಲ್ಲಿದ್ದ ಚಿನ್ನವನ್ನೆಲ್ಲ ಪಡೆಗೆ ಸುರಿದು, ಆ ಪಡೆಯನ್ನೆಲ್ಲ ಮುಂದಕ್ಕಟ್ಟಿದ ಓರ್ಕ್ ನಾಯಕನ ಕೋಟೆ ಬರಿದಾಗಿರುತ್ತದೆ. ಬಳಸುದಾರಿಯಲ್ಲಿ ಮೊದಲೇ ಕಳಿಸಿದ್ದ ಇಬ್ಬರು ಮೂವರು ಕುದುರೆ ಸವಾರರು ಹಗಲಿರುವಾಗಲೇ ಅಲ್ಲಿಗೆ ತಲುಪಿದರೆ ಕದನ ಅಲ್ಲಿಗೆ ಮುಗಿಯಿತು.

ಬುದ್ಧಿಯಿಲ್ಲದ ಯಂತ್ರವನ್ನು ಹೀಗೆ ಏಮಾರಿಸುವುದು ನ್ಯಾಯವೇ ಎಂದು ಕೇಳುವವರು ಆ ಯಂತ್ರದ ಕಡೆಗಿರುವ ಅನುಕೂಲಗಳನ್ನೂ ನೋಡಬೇಕು. ‘ಸಿವಿಲೈಸೇಶನ್ 6’ ಎಂಬ ಸಾಮ್ರಾಜ್ಯ ಕಟ್ಟುವ ಆಟದ ಅತಿ ಕಠಿಣ ಹಂತಕ್ಕೆ ಡೀಟಿ ಎಂದು ಹೆಸರು. ಅಲ್ಲಿ ಮನುಷ್ಯ ಆಟಗಾರ ಊರು ಕಟ್ಟುವ ಒಂದೇ ತಂಡದಿಂದ ಶುರುಮಾಡಿದರೆ ಪ್ರತಿ ಕಂಪ್ಯೂಟರ್ ಎದುರಾಳಿಗೂ ಅಂಥ ಮೂರು ತಂಡಗಳಿರುತ್ತವೆ, ಜೊತೆಗೆ ಉತ್ಪಾದನೆಯಲ್ಲೂ ಆದಾಯದಲ್ಲೂ ಭಾರಿ ಹೆಚ್ಚಳ. ಲೆವೆಲ್ ಏರಿಸಿದಾಗ ಎದುರಾಳಿ ಹೆಚ್ಚು ಜಾಣನಾಗುತ್ತಾನೆ ಎಂದುಕೊಂಡರೆ ಅದು ತಪ್ಪು. ಮುಖ್ಯವಾಗಿ ಅವನು ಹೆಚ್ಚು ಶ್ರೀಮಂತನಾಗುತ್ತಾನೆ. ಮೂರು ಪಟ್ಟು ಬಂಡವಾಳದೊಂದಿಗೆ ಬಂದವನ ಎದುರು ಅವನ ದುಡುಕನ್ನು ಬಳಸಿಕೊಳ್ಳಬಾರದು ಎನ್ನುವುದು ಯಾವ ಧರ್ಮ? ಇನ್ನು ತಯಾರಕರಿಗೆ ಈ ದೌರ್ಬಲ್ಯ ಗೊತ್ತಿಲ್ಲ ಎಂದೂ ಅಲ್ಲ. ‘ಸಿವಿಲೈಸೇಶನ್ 4’ರ ಮುಖ್ಯ ವಿನ್ಯಾಸಕ ಸೋರೆನ್ ಜಾನ್ಸನ್ 2008ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಸೋಲುವುದಕ್ಕಾಗಿ ಆಡುವ ಎಐ ಬಗ್ಗೆಯೇ ಉಪನ್ಯಾಸ ಕೊಟ್ಟರು. ಗೆಲ್ಲಲೆಂದೇ ಆಡುವ ಎಐ ಬೇರೆ, ಆಡುವವರಿಗೆ ಖುಷಿ ಕೊಡುವ ಎಐ ಬೇರೆ ಎಂಬುದು ಅವರ ವಿಚಾರದ ಸಾರ. ವೆಸ್‌ನಾತ್‌ನಲ್ಲಂತೂ ಕದನ ರಚಿಸುವವರು ಎದುರಾಳಿಯ ಆಕ್ರಮಣಶೀಲತೆಯನ್ನು ತಮಗೆ ಬೇಕಾದಂತೆ ತಿರುಗಿಸಿ ಇಡುತ್ತಾರೆ. ನಕ್ಷೆಯಲ್ಲಿ ಬೆಟ್ಟ ಎಲ್ಲಿ, ಹೊಳೆ ಎಲ್ಲಿ ಎಂದು ತೀರ್ಮಾನಿಸಿದ ಹಾಗೆಯೇ ಶತ್ರು ಎಷ್ಟು ಮುಂಗೋಪಿ ಎಂದೂ ಅವರೇ ತೀರ್ಮಾನಿಸಿರುತ್ತಾರೆ. ಬೆಟ್ಟ ನೋಡಿ ಪಡೆ ನಿಲ್ಲಿಸುವುದು ಜಾಣತನವಾದರೆ ಮುಂಗೋಪ ನೋಡಿ ನಿಲ್ಲಿಸುವುದೂ ಜಾಣತನವೇ.

ಆದರೂ ಎಲ್ಲ ಸಂದಿಗಳೂ ಒಂದೇ ಎಂದು ನಾನು ಹೇಳಲಾರೆ. 2010ರ ‘ಸಿವಿಲೈಸೇಶನ್ 5’ರಲ್ಲಿ ನಿಮ್ಮ ನೆಲದ ದ್ರಾಕ್ಷಾರಸವನ್ನೋ ರೇಷ್ಮೆಯನ್ನೋ ಮೂವತ್ತು ಸರದಿಗಳಿಗೆ ಮಾರಿದರೆ ಕಂಪ್ಯೂಟರ್ 240 ಚಿನ್ನವನ್ನು ಒಂದೇ ಕಂತಿನಲ್ಲಿ ಎಣಿಸಿಕೊಡುತ್ತಿತ್ತು. ಹಣ ಕೈಗೆ ಬಂದ ಮರುಗಳಿಗೆಯೇ ಅದರ ಮೇಲೆ ಯುದ್ಧ ಸಾರಿದರೆ ಒಪ್ಪಂದ ರದ್ದಾಗುತ್ತಿತ್ತು, ರೇಷ್ಮೆ ನಿಮಗೇ ವಾಪಸ್, ಚಿನ್ನ ಮಾತ್ರ ಹಿಂದಿರುಗುತ್ತಿರಲಿಲ್ಲ. ಹೊಳೆಗೆ ಇಳಿದ ಓರ್ಕ್ ತಪ್ಪು ನಿರ್ಧಾರ ಮಾಡಿತ್ತು, ಆ ತಪ್ಪಿಗೆ ನೀವು ನೆಲ ಓದಿ, ಹೊತ್ತು ನೋಡಿ, ಒಬ್ಬ ಸೈನಿಕನ ಪ್ರಾಣವನ್ನೇ ಪಣಕ್ಕಿಟ್ಟು ಬಲೆ ಹೆಣೆದಿದ್ದಿರಿ. ಈ ವ್ಯಾಪಾರದಲ್ಲಿ ಪಣಕ್ಕಿಟ್ಟದ್ದು ಏನೂ ಇಲ್ಲ, ಓದಿಕೊಂಡದ್ದೂ ಇಲ್ಲ. ಇಲ್ಲಿ ತೂತಿರುವುದು ನಿಯಮದಲ್ಲಿ. 2013ರ ‘ಬ್ರೇವ್ ನ್ಯೂ ವರ್ಲ್ಡ್’ ವಿಸ್ತರಣೆ ಇಡಿಗಂಟಿನ ಚಿನ್ನದ ವ್ಯವಹಾರವನ್ನು ಸ್ನೇಹ ಘೋಷಿಸಿಕೊಂಡ ದೇಶಗಳಿಗೆ ಮಾತ್ರ ಮೀಸಲಿಟ್ಟಿತು. ಅದು ಸರಿಯಾದ ಕ್ರಮವೇ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕಂಪ್ಯೂಟರನ್ನು ಸೋಲಿಸಲು ಕಲಿತ ಉಪಾಯ ಮನುಷ್ಯನ ಎದುರು ನಡೆಯುವುದಿಲ್ಲ, ಹಾಗಾಗಿ ಇದು ಕೆಟ್ಟ ಅಭ್ಯಾಸ. ಉಪಾಯ ನಡೆಯುವುದಿಲ್ಲ ಎಂಬುದು ನಿಜ. ಈಟಿಗಾರನ ಗಾಳಕ್ಕೆ ಒಳ್ಳೆಯ ಆಟಗಾರ ಒಮ್ಮೆ ಬಿದ್ದಾನು, ಎರಡನೆಯ ಸಲ ಬೀಳಲಾರ. ಆದರೆ ಉಪಾಯ ಹುಟ್ಟಿಸಿದ ಅಭ್ಯಾಸ, ಎದುರಾಳಿ ಏನನ್ನು ತೂಗುತ್ತಾನೆ, ಏನನ್ನು ಬಿಡುತ್ತಾನೆ ಎಂದು ಕೇಳಿಕೊಳ್ಳುವ ಅಭ್ಯಾಸ, ಎಲ್ಲಿಯೂ ವ್ಯರ್ಥವಾಗುವುದಿಲ್ಲ. ಸ್ಕಾಟ್ಲೆಂಡಿನ ಚೆಸ್ ಆಟಗಾರ ಡೇವಿಡ್ ಲೆವಿ ಹತ್ತು ವರ್ಷಗಳಲ್ಲಿ ಯಾವ ಕಂಪ್ಯೂಟರೂ ತನ್ನನ್ನು ಪಂದ್ಯದಲ್ಲಿ ಸೋಲಿಸಲಾರದು ಎಂದು 1968ರಲ್ಲಿ ಪಂಥ ಕಟ್ಟಿದ್ದರು. 1978ರಲ್ಲಿ ಟೊರಾಂಟೊದಲ್ಲಿ ‘ಚೆಸ್ 4.7’ ಪ್ರೋಗ್ರಾಮನ್ನು 3.5–1.5 ಅಂಕಗಳಿಂದ ಸೋಲಿಸಿ ಪಂಥ ಗೆದ್ದರು. ಅವರು ನೆಚ್ಚಿಕೊಂಡದ್ದು ಮಿಂಚಿನ ದಾಳಿಯನ್ನಲ್ಲ, ಸದ್ದಿಲ್ಲದೆ ಕಾಯುವ ನಡೆಗಳನ್ನು. ದೂರದ ಯೋಜನೆ ಹಾಕಲು ಬಾರದ ಯಂತ್ರ ತಾನಾಗಿಯೇ ತನ್ನ ನೆಲೆ ಕೆಡಿಸಿಕೊಳ್ಳಲಿ ಎಂದು ಬಿಟ್ಟಿದ್ದರು.

ಅದು ಹಳೆಯ ದುರ್ಬಲ ಯಂತ್ರಗಳ ಕಾಲ, ಈಗ ಆ ಮಾತಿಲ್ಲ ಎನ್ನುವಂತೆಯೂ ಇಲ್ಲ. ‘ಗೋ’ ಆಟದಲ್ಲಿ ವಿಶ್ವಶ್ರೇಷ್ಠರನ್ನೂ ಮೀರಿಸಿದ ಕಾಟಾಗೋ ವರ್ಗದ ಎಐಯನ್ನು 2023ರಲ್ಲಿ ಅಮೆರಿಕದ ಒಬ್ಬ ಹವ್ಯಾಸಿ ಆಟಗಾರ 15 ಪಂದ್ಯಗಳಲ್ಲಿ 14 ಸಲ ಸೋಲಿಸಿದ. ಅದರ ಕಾಯಿಗಳ ಒಂದು ಗುಂಪನ್ನು ಸುತ್ತಲೂ ಮೆಲ್ಲಗೆ ಬಳಸುತ್ತಾ, ಹಲಗೆಯ ಬೇರೆ ಮೂಲೆಗಳಲ್ಲಿ ಜಗಳ ತೆಗೆದು ಅದರ ಗಮನ ಅತ್ತ ಸೆಳೆಯುವುದು ಅವನ ತಂತ್ರ. ಬಳೆಯಾಕಾರದಲ್ಲಿ ಸಿಕ್ಕಿಬಿದ್ದ ಆ ಗುಂಪು ಸಾಯುತ್ತಿದೆ ಎಂಬುದು ಸಾಧಾರಣ ಆಟಗಾರನಿಗೂ ಕಾಣುತ್ತದೆ, ಆ ಯಂತ್ರಕ್ಕೆ ಕಾಣಲಿಲ್ಲ. ಈ ದಾರಿಯನ್ನು ಮೊದಲು ಹುಡುಕಿದವರು ಎಐಯ ಸುರಕ್ಷತೆಯನ್ನು ಅಧ್ಯಯನ ಮಾಡುವ ಸಂಶೋಧಕರು. ಕಾಟಾಗೋ ವಿರುದ್ಧ ಗೆಲ್ಲುವುದೊಂದೇ ಗುರಿಯಾಗಿರುವ ಇನ್ನೊಂದು ಪ್ರೋಗ್ರಾಮನ್ನು ತಯಾರಿಸಿ, ಅದು ಗೆಲ್ಲುವ ಬಗೆಯನ್ನು ಅವರು ನೋಡಿ ತಿಳಿದರು. ಆಮೇಲೆ ಆ ದಾಳಿಯನ್ನೇ ಮತ್ತೆ ಮತ್ತೆ ತೋರಿಸಿ ಕಾಟಾಗೋಗೆ ಹೊಸ ತರಬೇತಿ ಕೊಟ್ಟದ್ದೂ ಆಯಿತು. ಅದೇ ಸಂಶೋಧಕರು ಹೊಸದಾಗಿ ಹುಡುಕಿದ ದಾಳಿಗಳಿಗೆ ಆ ತರಬೇತಿ ಪಡೆದ ಆವೃತ್ತಿಯೂ ಸೋತಿತು.