ಮುಂಜಾನೆಯ ಬಾರ್‌ಬೆಲ್: ಭಯವೆಷ್ಟು, ನಿಜವೆಷ್ಟು?

ಬೆಳಿಗ್ಗೆ ಐದೂವರೆಗೆ ಜಿಮ್ ಬಾಗಿಲು ತಟ್ಟುವ ನಮ್ಮಂಥ ಹುಡುಗರಿಗೆ ಉಪದೇಶಕ್ಕೇನೂ ಬರವಿಲ್ಲ. ‘ಮುಂಜಾನೆ ಮಾಡಿದ ಕಸರತ್ತೇ ಕಸರತ್ತು, ಉಳಿದದ್ದೆಲ್ಲ ಟೈಂಪಾಸ್’ ಎನ್ನುವವರು ಒಂದು ಕಡೆ. ‘ಎದ್ದ ಕೂಡಲೇ ಭಾರ ಎತ್ತಿದರೆ ಹಾರ್ಟಿಗೆ ಹೊಡೆತ’ ಎಂದು ಹೆದರಿಸುವವರು ಇನ್ನೊಂದು ಕಡೆ. ಇಬ್ಬರಿಗೂ ತಮ್ಮ ಮಾತಿನ ಮೇಲೆ ಎಳ್ಳಷ್ಟೂ ಅನುಮಾನವಿಲ್ಲ.

ಭಯದ ಮಾತನ್ನು ನಕ್ಕು ತಳ್ಳಿಹಾಕುವಂತೆಯೂ ಇಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ ಬರೀ 46 ವರ್ಷ. ಅಷ್ಟು ಫಿಟ್ ಆಗಿದ್ದವರಿಗೇ ಹೀಗಾದರೆ ನಮ್ಮ ಗತಿಯೇನು ಎಂದು ಎಷ್ಟೋ ಮನೆಗಳಲ್ಲಿ ಮಕ್ಕಳ ಜಿಮ್ ಬ್ಯಾಗು ಮೂಲೆ ಸೇರಿತು. 2025ರ ಜೂನ್, ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತಿದ್ದನ್ನು ಎಲ್ಲರೂ ನೋಡಿದ್ದೇವೆ. ನನ್ನ ಅಪ್ಪನಿಗೆ 47ನೇ ವಯಸ್ಸಿಗೇ ಸ್ಟೆಂಟ್ ಹಾಕಿದ್ದಾರೆ. ಹಾಗಾಗಿ ಅಮ್ಮ ಫೋನಿನಲ್ಲಿ ‘ಬೆಳ್‌ಬೆಳಗ್ಗೆ ಆ ಕಬ್ಬಿಣ ಎತ್ತಬ್ಯಾಡ ಕಣೋ ಮಗ, ಸಂಜೆ ಬೇಕಾದ್ರೆ ಮಾಡ್ಕೊ’ ಎಂದರೆ ಅದು ಮೂಢನಂಬಿಕೆಯಲ್ಲ, ಕಂಡುಂಡ ಭಯ.

ಆದರೆ ಸಂಜೆ ಎಲ್ಲಿದೆ? ಒಂಬತ್ತಕ್ಕೆ ಶುರುವಾದ ಕ್ಲಾಸು, ಲ್ಯಾಬು ಮುಗಿಯುವಾಗ ಐದು ಗಂಟೆ. ಆಮೇಲೆ ರೆಕಾರ್ಡ್ ಬರೆಯಬೇಕು, ಪ್ಲೇಸ್‌ಮೆಂಟಿಗೆ ಆಪ್ಟಿಟ್ಯೂಡ್ ಓದಬೇಕು. ನಮ್ಮ ಜಿಮ್‌ಗೆ ಬರುವ ಪೊಲೀಸ್ ನೇಮಕಾತಿಯ ಆಕಾಂಕ್ಷಿಗಳದ್ದೂ ಇದೇ ಪಾಡು. ಬೆಳಿಗ್ಗೆ ಓಟ, ಕಸರತ್ತು. ಹಗಲು ಕೆಲಸ. ರಾತ್ರಿ ಓದು. ನಮಗೆ ಪ್ರಶ್ನೆ ‘ಬೆಳಿಗ್ಗೆಯೋ ಸಂಜೆಯೋ’ ಎಂಬುದಲ್ಲ, ‘ಬೆಳಿಗ್ಗೆಯೋ ಇಲ್ಲವೇ ಇಲ್ಲವೋ’ ಎಂಬುದು. ಅದಕ್ಕೇ ನಾನು ಈ ವಿಷಯವನ್ನು ಪರೀಕ್ಷೆಗೆ ಓದುವ ಹಾಗೆ ಓದಿದೆ, ವೈದ್ಯರನ್ನೂ ಕೇಳಿದೆ.

ಮೊದಲು ಹೃದಯದ ಲೆಕ್ಕ. ನಿದ್ದೆಯಿಂದ ಎದ್ದಾಗ ರಕ್ತದೊತ್ತಡ, ನಾಡಿಬಡಿತ ಎರಡೂ ಏರುತ್ತವೆ. ಬೆಳಿಗ್ಗೆ ಆರರಿಂದ ಮಧ್ಯಾಹ್ನದ ನಡುವೆ ಹೃದಯಾಘಾತಗಳು ಹೆಚ್ಚು ಎಂದು 1985ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದರು. ಅಮ್ಮನ ಮಾತಿಗೆ ಇಷ್ಟರಮಟ್ಟಿಗೆ ಆಧಾರವಿದೆ. ಆದರೆ ಅಂಥ ಆಘಾತ ಬಹುಪಾಲು ಆಗುವುದು ರಕ್ತನಾಳದಲ್ಲಿ ಮೊದಲೇ ಕೊಬ್ಬು ಕಟ್ಟಿಕೊಂಡವರಿಗೆ. ಇಪ್ಪತ್ತರ ಆರೋಗ್ಯವಂತರಲ್ಲಿ ಈ ಅಪಾಯ ತೀರಾ ಕಡಿಮೆ. ಇನ್ನೊಂದು ಮಾತು: ನಿತ್ಯ ವ್ಯಾಯಾಮ ಮಾಡುವವರಿಗಿಂತ, ಎಂದೂ ಮೈ ಬಗ್ಗಿಸದೆ ಒಂದು ದಿನ ಇದ್ದಕ್ಕಿದ್ದಂತೆ ಜೋರು ಶ್ರಮ ಹಾಕುವವರಿಗೇ ಅಪಾಯ ಹೆಚ್ಚು.

ಹಾಗಾದರೆ ಎಳೆಯರು ಆಟದ ಮೈದಾನದಲ್ಲಿ ಕುಸಿಯುವುದು ಯಾಕೆ? ಮೂವತ್ತೈದರೊಳಗಿನವರಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ಹುಟ್ಟಿನಿಂದ ಅಥವಾ ವಂಶದಿಂದ ಬಂದ ದೋಷ. ಹೃದಯದ ಸ್ನಾಯು ದಪ್ಪಗಾಗಿರುವುದು, ಬಡಿತದ ಲಯ ತಪ್ಪುವುದು, ಇಂಥವು. ಇವುಗಳಿಗೆ ಬೆಳಿಗ್ಗೆ, ಸಂಜೆ ಎಂಬ ಭೇದವಿಲ್ಲ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯಾಘಾತವಾಗಿದ್ದರೆ ವೈದ್ಯರು ಅದನ್ನು ‘ಕುಟುಂಬದ ಇತಿಹಾಸ’ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಾನು ಆ ಲೆಕ್ಕದೊಳಗೇ ಬರುತ್ತೇನೆ. ಅದಕ್ಕೇ ಬಿ.ಪಿ, ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ, ಎಕೋ ಎಲ್ಲ ಮಾಡಿಸಿಕೊಂಡೆ. ಎಲ್ಲ ಸರಿಯಿತ್ತು. ವೈದ್ಯರು ಹೇಳಿದ್ದು ಇಷ್ಟೇ: ‘ಗಡಿಯಾರ ನೋಡಬೇಡ, ಲಕ್ಷಣ ನೋಡು.’ ಶ್ರಮಪಡುವಾಗ ಎದೆನೋವು, ತಲೆ ಸುತ್ತಿ ಬೀಳುವುದು, ಎದೆ ಢವಢವ ಎನ್ನುವುದು, ಜೊತೆಯವರಿಗಿಲ್ಲದಷ್ಟು ಏದುಸಿರು. ಇವುಗಳಲ್ಲಿ ಒಂದು ಕಂಡರೂ ಭಾರ ಕೆಳಗಿಟ್ಟು ಆಸ್ಪತ್ರೆಗೆ ಹೋಗಬೇಕು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸುಮ್ಮನೆ ಕೂರಬಾರದು.

ಭಾರ ಎತ್ತುವುದರಲ್ಲಿ ಇನ್ನೊಂದು ಸಂಗತಿಯಿದೆ, ಉಸಿರು. ಕೆನಡಾದ ಸಂಶೋಧಕರು 1985ರಲ್ಲಿ ಐವರು ದೇಹದಾರ್ಢ್ಯಪಟುಗಳ ರಕ್ತನಾಳಕ್ಕೇ ನಳಿಕೆ ತೂರಿಸಿ ಒತ್ತಡ ಅಳೆದರು. ಎರಡೂ ಕಾಲಿನಿಂದ ಲೆಗ್ ಪ್ರೆಸ್ ಒತ್ತುವಾಗ ಸರಾಸರಿ 320/250 ಬಂತು! ಸಾಮಾನ್ಯ ಒತ್ತಡ 120/80 ಎಂಬುದನ್ನು ನೆನಪಿಡಿ. ಉಸಿರು ಬಿಗಿಹಿಡಿದು ಮುಕ್ಕರಿದಾಗ ಒತ್ತಡ ಹೀಗೆ ಜಿಗಿಯುತ್ತದೆ, ಭಾರ ಇಟ್ಟ ಮೇಲೆ ಬೇಗನೆ ಇಳಿಯುತ್ತದೆ. ಆರೋಗ್ಯವಂತ ದೇಹ ಇದನ್ನು ತಾಳಿಕೊಳ್ಳುತ್ತದೆ. ಬಿ.ಪಿ ಇದ್ದೂ ಗೊತ್ತಿಲ್ಲದವರಿಗೆ ಇದೇ ಗಂಡಾಂತರ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ ಎಂದು ಟ್ರೈನರ್‌ಗಳು ಬಾಯಿ ನೋಯುವಷ್ಟು ಹೇಳುವುದು ಇದಕ್ಕೇ.

ಬೆಳಿಗ್ಗೆಗೆಂದೇ ಮೀಸಲಾದ ಅಪಾಯವೊಂದು ನಿಜವಾಗಿಯೂ ಇದೆ. ಅದು ಎದೆಯಲ್ಲಲ್ಲ, ಬೆನ್ನಿನಲ್ಲಿ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬುತ್ತವೆ. ನಾವು ಎದ್ದಾಗ ಸಂಜೆಗಿಂತ ಒಂದು ಸೆಂಟಿಮೀಟರ್‌ನಷ್ಟೋ ತುಸು ಹೆಚ್ಚೋ ಎತ್ತರವಾಗಿರುತ್ತೇವೆ. ಉಬ್ಬಿದ ಡಿಸ್ಕ್ ಬಿಗಿಯಾಗಿರುವುದರಿಂದ ಆ ಹೊತ್ತಿನಲ್ಲಿ ಸೊಂಟ ಬಗ್ಗಿಸಿದರೆ ಅದರ ಮೇಲೆ ಬೀಳುವ ಒತ್ತಡವೂ ಹೆಚ್ಚು. ಎದ್ದು ಓಡಾಡಿದ ಮೊದಲ ಒಂದು ಗಂಟೆಯಲ್ಲಿ ಹೆಚ್ಚುವರಿ ನೀರಿನ ಬಹುಪಾಲು ಇಳಿದುಹೋಗುತ್ತದೆ. ಆದ್ದರಿಂದ ಹಾಸಿಗೆಯಿಂದ ಎದ್ದ ಹದಿನೈದನೇ ನಿಮಿಷಕ್ಕೆ ಡೆಡ್‌ಲಿಫ್ಟ್ ಮಾಡುವುದು ಜಾಣತನವಲ್ಲ. ನಾನು ಐದಕ್ಕೆ ಎದ್ದು ನಡೆದೇ ಜಿಮ್‌ಗೆ ಹೋಗುತ್ತೇನೆ, ಎದೆ ಮತ್ತು ತೋಳಿನ ಕಸರತ್ತು ಮೊದಲು, ಬಗ್ಗಿ ಎತ್ತುವುದೆಲ್ಲ ಕೊನೆಗೆ.

ಮೆಕ್ಯಾನಿಕಲ್ ವಿದ್ಯಾರ್ಥಿಯಾಗಿ ನನಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವುದಾದರೆ, ಚಳಿಗಾಲದ ಬೆಳಿಗ್ಗೆ ಬೈಕ್ ಸ್ಟಾರ್ಟ್ ಮಾಡಿದ ತಕ್ಷಣ ಆಕ್ಸಿಲರೇಟರ್ ತಿರುಚಿದರೆ ಎಂಜಿನ್ ಸವೆಯುತ್ತದೆ. ದೇಹದ ಉಷ್ಣತೆಯೂ ನಸುಕಿನಲ್ಲಿ ದಿನದ ಕನಿಷ್ಠ ಮಟ್ಟದಲ್ಲಿರುತ್ತದೆ, ಸಂಜೆಯ ಹೊತ್ತಿಗೆ ಗರಿಷ್ಠಕ್ಕೇರುತ್ತದೆ. ಸಂಜೆ ಎತ್ತುವಷ್ಟು ಭಾರವನ್ನು ಬೆಳಿಗ್ಗೆ ಎತ್ತಲಾಗದಿದ್ದರೆ ಅದು ದೌರ್ಬಲ್ಯವಲ್ಲ. ಕೆಲವು ವಾರ ಬೆಳಿಗ್ಗೆಯೇ ಅಭ್ಯಾಸ ಮಾಡಿದರೆ ಈ ಅಂತರವೂ ಕಡಿಮೆಯಾಗುತ್ತದೆ. ಗರಡಿಮನೆಯ ಪೈಲ್ವಾನರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮುಂಜಾನೆ ಮೊದಲು ಮಟ್ಟಿ ಅಗೆದು ಹದ ಮಾಡಿ, ದಂಡ, ಬಸ್ಕಿ ಹೊಡೆದು, ಮೈ ಬೆವರಿದ ಮೇಲೆಯೇ ಪಟ್ಟು. ನಮ್ಮ ಜಿಮ್‌ನಲ್ಲಿ ಆ ಕೆಲಸ ಮಾಡಬೇಕಾದ್ದು ತಟ್ಟೆ ಹಾಕದ 20 ಕೆ.ಜಿಯ ಖಾಲಿ ಬಾರ್.

ಖಾಲಿ ಹೊಟ್ಟೆಯ ಬಗ್ಗೆಯೂ ಗೊಂದಲವಿದೆ. ರಾತ್ರಿಯಿಡೀ ಊಟವಿಲ್ಲದೆ ಯಕೃತ್ತಿನ ಸಕ್ಕರೆ ದಾಸ್ತಾನು ಕರಗಿದರೂ ಸ್ನಾಯುಗಳ ದಾಸ್ತಾನು ಬಹುಪಾಲು ಹಾಗೇ ಇರುತ್ತದೆ. ಹಾಗಾಗಿ ಮುಕ್ಕಾಲು ಗಂಟೆಯ ಕಸರತ್ತಿಗೆ ದೊಡ್ಡ ತಿಂಡಿ ಬೇಕಿಲ್ಲ. ಆದರೆ ಕೆಲವರಿಗೆ ಕಣ್ಣು ಕತ್ತಲೆ ಬರುತ್ತದೆ. ಎರಡು ಲೋಟ ನೀರು, ಒಂದು ಬಾಳೆಹಣ್ಣು ಸಾಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸಿದ್ದು, ಹಾಸ್ಟೆಲ್ ಹುಡುಗರ ಶತ್ರು ಬೆಳಗಿನ ಜಾವವಲ್ಲ, ಹಿಂದಿನ ರಾತ್ರಿ. ಒಂದು ಗಂಟೆಯವರೆಗೆ ರೀಲ್ಸ್ ನೋಡಿ, ನಾಲ್ಕು ಗಂಟೆ ಮಲಗಿ, ಕಣ್ಣುರಿಗೆ ಕಾಫಿ ಸುರಿದು ನೂರು ಕೆ.ಜಿ ಹೊತ್ತು ನಿಂತರೆ ಕಾಲು ನಡುಗದೆ ಇನ್ನೇನು? ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಐದಕ್ಕೆ ಏಳಬೇಕೆಂದರೆ ಹತ್ತಕ್ಕೆ ಫೋನ್ ಕೆಳಗಿಡಬೇಕು, ಈ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಬೇಡ. ಇಂಟರ್ನಲ್ಸ್ ವಾರದಲ್ಲಿ ನಿದ್ದೆ ಆರು ಗಂಟೆಗೂ ಕಡಿಮೆಯಾದ ದಿನ ನಾನು ಬಾರ್ ಮುಟ್ಟುವುದಿಲ್ಲ, ಬರೀ ನಡೆದು ಬರುತ್ತೇನೆ. ಸ್ನಾಯು ಬಲಪಡಿಸುವ ವ್ಯಾಯಾಮ ವಾರಕ್ಕೆ ಕನಿಷ್ಠ ಎರಡು ದಿನ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆರೂ ದಿನ ಎತ್ತಲೇಬೇಕು ಎಂಬ ಹಟ ನಮ್ಮದೇ ಸೃಷ್ಟಿ.

ನನ್ನ ಇಸಿಜಿ ವರದಿಯ ಫೋಟೊ ಈಗ ಅಮ್ಮನ ಫೋನಿನಲ್ಲಿದೆ. ಅವಳ ಭಯ ಪೂರ್ತಿ ಹೋಗಿದೆ ಎನ್ನಲಾರೆ, ಹೋಗಬೇಕಾಗಿಯೂ ಇಲ್ಲ. ಆ ಭಯವೇ ನನ್ನನ್ನು ವೈದ್ಯರ ಬಳಿಗೆ ಕಳಿಸಿದ್ದು. ಮನೆಯಲ್ಲಿ ಹೃದಯದ ಕಾಯಿಲೆ ಇರುವ ಗೆಳೆಯರೇ, ಪ್ರೋಟೀನ್ ಡಬ್ಬಿಗೆ ದುಡ್ಡು ಹೊಂದಿಸುವ ಮೊದಲು ಒಂದು ತಪಾಸಣೆಗೆ ಹೊಂದಿಸಿಕೊಳ್ಳಿ. ಆಮೇಲೆ ಐದೂವರೆಗೆ ಧಾರಾಳವಾಗಿ ಬನ್ನಿ, ಆ ಹೊತ್ತಿನಲ್ಲಿ ಬೆಂಚ್ ಪ್ರೆಸ್‌ಗೆ ಸರದಿಯೂ ಇರುವುದಿಲ್ಲ.